ನಾಚಿಕೆಯ ಮರೆಯಲ್ಲಿ ಒಂದು ನೋವು

ಸೋಸಲೆ ಎಂದೊಡನೆ ನಮ್ಮ ನಾಡಿನ ವಾಚಕರಿಗೆ ವ್ಯಾಸರಾಜ ಮಠದ ನೆನಪಾಗುತ್ತದೆ. ಸಾಹಿತ್ಯಾಸಕ್ತರಿಗೆ ಸೋಸಲೆ ಅಯ್ಯಾಶಾಸ್ತ್ರಿಗಳ ಹೆಸರು ಹೊಳೆಯುತ್ತದೆ. ಕಾವೇರಿಯ ದಂಡೆಯಲ್ಲಿರುವ ಈ ಊರಿಗೆ ತಿರುಮಕೂಡಲು ನರಸೀಪುರ ಬಹು ಸಮೀಪ. ಅಲ್ಲಿ ಕಾವೇರಿ ಕಪಿಲೆಗಳು ಕೂಡುತ್ತವೆ. ಕಪಿಲೆಯ ದಂಡೆಯನ್ನೇ ಹಿಡಿದು ಮೇಲಕ್ಕೆ ನಡೆದರೆ ನಂಜನಗೂಡು ಸಿಕ್ಕುತ್ತದೆ. ಟಿಪ್ಪುಸುಲ್ತಾನನ ಆನೆಯ ಕಣ್ಣುಬೇನೆ ಅಲ್ಲಿನ ದೇವರ ಕೃಪೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಆ ದೇವರಿಗೆ 'ಹಕೀಮ ನಂಜುಂಡ' ಎಂಬ ಹೆಸರಾಯಿತೆಂದೂ ಪ್ರತೀತಿಯಿದೆ. ಅದೇ ಊರಿನ ಹಲ್ಲುಪುಡಿಯನ್ನು ಕಾಣದ ಮನೆ ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಹೀಗೆ ರೋಗವನ್ನು ಬಾಯಿಬಿಟ್ಟು ಹೇಳಿಕೊಂಡು, ದೇವರಲ್ಲಿಯೂ ವೈದ್ಯರಲ್ಲಿಯೂ ಪರಿಹಾರ ಕೇಳುವ ರೂಢಿ ಈ ಭಾಗದ ಜನಕ್ಕೆ ಹೊಸತಲ್ಲ.

ಆದರೂ ಒಂದು ನೋವನ್ನು ಮಾತ್ರ ಇಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ಇಲ್ಲಿ ಮಾತ್ರವಲ್ಲ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ಕೂಡ ಹೇಳಿಕೊಳ್ಳುವವರು ಕಡಮೆ. ಅದು ದಾಂಪತ್ಯ ಜೀವನದಲ್ಲಿ, ಗಂಡಹೆಂಡಿರ ದೈಹಿಕ ಸಮಾಗಮದ ಸಮಯದಲ್ಲಿ, ಇಬ್ಬರಲ್ಲಿ ಒಬ್ಬರಿಗೆ ಉಂಟಾಗುವ ನೋವು. ವೈದ್ಯಶಾಸ್ತ್ರ ಇದಕ್ಕೆ 'ಡಿಸ್ಪರೂನಿಯ' ಎಂಬ ಹೆಸರಿಟ್ಟಿದೆ. ಇದು ಅಪರೂಪದ ಬೇನೆಯಲ್ಲ. ಬಹುಮಟ್ಟಿಗೆ ಗುಣವಾಗತಕ್ಕ ಬೇನೆ. ಹೀಗಿದ್ದೂ ಇದು ವರ್ಷಗಟ್ಟಲೆ ಉಳಿಯುವುದಕ್ಕೆ ಔಷಧದ ಅಭಾವಕ್ಕಿಂತ ಮಾತಿನ ಅಭಾವವೇ ಹೆಚ್ಚು ಕಾರಣವೆಂಬುದು ನಮ್ಮ ಅಭಿಪ್ರಾಯ. ಈ ವಿಷಯವನ್ನು ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳ ಮುಂದೆ ಇಡುವುದು ಉಚಿತವೇ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ಮುಂದೆ ಕೊಡುತ್ತೇವೆ. ಮೊದಲು ಬೇನೆಯ ಸ್ವರೂಪವನ್ನು ನೋಡೋಣ.

ಸೋಸಲೆಯಂಥ ಊರಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿರಿ. ಮದುವೆಯಾಗಿ ಎರಡು ವರ್ಷವಾಗಿದೆ. ಮೊದಲಿನಿಂದಲೂ ಆಕೆಗೆ ಈ ನೋವಿದೆ. ತವರಿಗೆ ಹೋದಾಗ ತಾಯಿಯ ಹತ್ತಿರ ಅರೆಮಾತಿನಲ್ಲಿ ಹೇಳುತ್ತಾಳೆ. "ಎಲ್ಲರ್ಗೂ ಇದ್ದದ್ದೇ ಕಣವ್ವ, ಒಂದು ಮಗು ಆದ್ರೆ ಸರಿಹೋಯ್ತದೆ" ಎಂದು ತಾಯಿ ಸಮಾಧಾನ ಹೇಳುತ್ತಾಳೆ. ಕೊನೆಗೊಂದು ದಿನ ಧೈರ್ಯಮಾಡಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಾಳೆ. ಚೀಟಿ ಮಾಡಿಸಿ, ಸಾಲಿನಲ್ಲಿ ಕಾದು, ವೈದ್ಯರ ಮೇಜಿನ ಮುಂದೆ ನಿಂತಾಗ ಅದೇ ಕೋಣೆಯಲ್ಲಿ ಇನ್ನೂ ನಾಲ್ಕಾರು ಮಂದಿ ನಿಂತಿರುತ್ತಾರೆ. ಅವರಲ್ಲಿ ಒಬ್ಬರು ತನ್ನ ಬೀದಿಯವರೇ. ಏನು ತೊಂದರೆ ಎಂದು ಕೇಳಿದಾಗ ಅವಳ ಬಾಯಿಂದ ಬರುವುದು "ಸೊಂಟ ನೋವು" ಎಂಬ ಎರಡು ಮಾತು. ನೋವಿನ ಮಾತ್ರೆ ಸಿಕ್ಕುತ್ತದೆ. ಕಾಯಿಲೆ ಹಾಗೆಯೇ ಅವಳೊಂದಿಗೆ ಮನೆಗೆ ಹಿಂದಿರುಗುತ್ತದೆ.

ಗಂಡಸಿನ ಪಾಡು ಬೇರೆಯೆಂದು ತಿಳಿಯಬಾರದು. ಅವನಿಗೆ ನೋವಾದರೆ "ಹೀಟಾಗಿದೆ" ಎಂದುಕೊಂಡು ಎಳನೀರು ಕುಡಿಯುತ್ತಾನೆ, ಬಾರ್ಲಿ ಗಂಜಿ ಕುಡಿಯುತ್ತಾನೆ. ಬಸ್ ನಿಲ್ದಾಣದ ಗೋಡೆಯ ಮೇಲೆ 'ಗುಪ್ತರೋಗ'ಗಳಿಗೆ ಖಚಿತ ಪರಿಹಾರವೆಂದು ಬರೆದಿರುವುದನ್ನು ನೋಡಿ, ಯಾವುದೋ ವಸತಿಗೃಹದ ಕೋಣೆಯಲ್ಲಿ ಕುಳಿತ ನಕಲಿ ವೈದ್ಯನಿಗೆ ಸಾವಿರಾರು ರೂಪಾಯಿ ತೆತ್ತು ಬರುತ್ತಾನೆ. ಹೆಣ್ಣಿಗೆ ಮೌನ, ಗಂಡಿಗೆ ಮೋಸ. ಎರಡರಿಂದಲೂ ಬೇನೆ ವಾಸಿಯಾಗುವುದಿಲ್ಲ.

ಇದು ಕೇವಲ ನಮ್ಮ ಕಲ್ಪನೆಯಲ್ಲ. ಕರ್ನಾಟಕದ ಸುಮಾರು 3,600 ಮಂದಿ ಎಳೆಯ ಮಕ್ಕಳ ತಾಯಂದಿರನ್ನು ವಿಚಾರಿಸಿ ಭಾಟಿಯಾ ಮತ್ತು ಕ್ಲೀಲಂಡ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂವರಲ್ಲಿ ಒಬ್ಬರಿಗೆ ಸ್ತ್ರೀರೋಗದ ಯಾವುದಾದರೊಂದು ಲಕ್ಷಣ ಆ ಸಮಯದಲ್ಲಿಯೇ ಇದ್ದುದು ಕಂಡುಬಂದಿತು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಮಂದಿ ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬರೆದರು. ನೂರಕ್ಕೆ 92 ಮಂದಿಯಲ್ಲಿ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ವೈದ್ಯರಿಂದ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ವೈದ್ಯಸೌಕರ್ಯ ಹೇರಳವಾಗಿರುವ ಬ್ರಿಟನ್ನಿನಲ್ಲಿಯೂ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಸಮಾಗಮದ ನೋವು ಹಿಂದಿನ ವರ್ಷದಲ್ಲಿ ಮೂರು ತಿಂಗಳಾದರೂ ಬಾಧಿಸಿತ್ತೆಂದು ಹೇಳಿದ ಹೆಂಗಸರು ನೂರಕ್ಕೆ 7.5ರಷ್ಟಿದ್ದರು. ಗಂಡಸರಲ್ಲಿ ಈ ಪ್ರಮಾಣ ಕಡಮೆ, ಆದರೆ ಸೊನ್ನೆಯಲ್ಲ.

ನೋವು ಎಂದರೇನು? ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲಿನ ನರತಂತುಗಳು ಮೊದಲು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಬಹುಕಾಲದವರೆಗೆ ಇದನ್ನು ಗಂಟೆಗೆ ಕಟ್ಟಿದ ಹಗ್ಗದಂತೆ ಭಾವಿಸಲಾಗಿತ್ತು. ಇಲ್ಲಿ ಎಳೆದರೆ ಅಲ್ಲಿ ಬಾರಿಸುವುದು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಈ ಭಾವನೆಯನ್ನು ತಿದ್ದಿದರು. ಬೆನ್ನುಹುರಿಯಲ್ಲಿ ಒಂದು ಬಗೆಯ ತೂಬು ಇದೆಯೆಂದೂ, ನೋವಿನ ಸುದ್ದಿ ಎಷ್ಟು ಹರಿಯಬೇಕೆಂಬುದನ್ನು ಅದು ಹೆಚ್ಚಿಸುವುದು ಇಲ್ಲವೆ ತಗ್ಗಿಸುವುದೆಂದೂ, ಮಿದುಳಿನಿಂದ ಇಳಿದುಬರುವ ಆಜ್ಞೆಗಳೂ ಆ ತೂಬನ್ನು ತಿರುಗಿಸಬಲ್ಲವೆಂದೂ ಅವರು ವಾದಿಸಿದರು. ಅವರ ಸಿದ್ಧಾಂತದ ವಿವರಗಳು ಆಮೇಲೆ ಬದಲಾಗಿವೆ. ಮುಖ್ಯವಾದ ಮಾತು ನಿಂತಿದೆ. ಭಯ, ಆತಂಕ, ಹಿಂದಿನ ಕಹಿ ನೆನಪು ಇವು ನೋವನ್ನು ಹೆಚ್ಚಿಸುತ್ತವೆ, ನೆಮ್ಮದಿ ತಗ್ಗಿಸುತ್ತದೆ. ಇದರಿಂದ ನೋವು ಸುಳ್ಳೆಂದಾಗಲಿ, 'ಎಲ್ಲ ಮನಸ್ಸಿನದು' ಎಂದಾಗಲಿ ತಿಳಿಯುವುದು ತಪ್ಪು. ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ತನ್ನ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿದೆ.

ಹೆಂಗಸರಲ್ಲಿ ಈ ನೋವಿಗೆ ಕಾರಣಗಳು ಹಲವು. ಯೋನಿಯ ಒಳಪದರ ಸಹಜವಾಗಿ ತೇವವಾಗಿರಬೇಕು. ಮನಸ್ಸು ಒಪ್ಪದಿದ್ದಾಗ ಅಥವಾ ದೇಹ ಸಿದ್ಧವಾಗದಿದ್ದಾಗ ಈ ತೇವ ಉಂಟಾಗುವುದಿಲ್ಲ. ಮಗುವಿಗೆ ಮೊಲೆಯೂಡಿಸುವ ತಿಂಗಳುಗಳಲ್ಲಿಯೂ, ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ಎಂಬ ಅಂತಃಸ್ರಾವ ಕಡಮೆಯಾಗಿ ಪದರ ತೆಳುವಾಗಿ ಒಣಗುತ್ತದೆ. ಶಿಲೀಂಧ್ರಗಳಿಂದ, ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯಿಂದ, ನಾನಾ ಬ್ಯಾಕ್ಟೀರಿಯಗಳಿಂದ ಸೋಂಕು ತಗಲಿ ಉರಿಯೂತವಾಗಬಹುದು. ಹೆರಿಗೆಯ ಕಾಲದ ಹರಕು ಅಥವಾ ಹೊಲಿಗೆಯ ಗಾಯ ಸರಿಯಾಗಿ ಕೂಡದೆ ಕಲೆ ಗಟ್ಟಿಯಾಗಿರಬಹುದು. ಇವೆಲ್ಲ ದ್ವಾರದ ಬಳಿಯಲ್ಲಿ ತೋರುವ ನೋವುಗಳು.

ಇನ್ನು ಕೆಲವು ಕಿಬ್ಬೊಟ್ಟೆಯ ಆಳದಲ್ಲಿ ತೋರುತ್ತವೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಎಂಡೋಮೆಟ್ರಿಯೋಸಿಸ್ ಇವುಗಳಲ್ಲಿ ಮುಖ್ಯವಾದುದು. ಸಂತಾನಯೋಗ್ಯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಜಗತ್ತಿನಲ್ಲಿ ಒಟ್ಟು ಸುಮಾರು 19 ಕೋಟಿ ಜನಕ್ಕೆ, ಈ ಬೇನೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶಾಲೆಯ ಹುಡುಗಿಯರಲ್ಲಿ ಇದರ ಮೊದಲ ಗುರುತು ಅಸಹನೀಯವಾದ ಮುಟ್ಟಿನ ನೋವಾಗಿರಬಹುದು. ಪ್ರತಿ ತಿಂಗಳೂ ಶಾಲೆ ಬಿಟ್ಟು ಮಲಗಬೇಕಾದಷ್ಟು ನೋವಿದ್ದರೆ ಅದನ್ನು ಸಹಜವೆಂದು ನುಂಗಿಕೊಳ್ಳಬಾರದು. ಗರ್ಭಕೋಶದ ಗಡ್ಡೆ, ಅಂಡಾಶಯದ ನೀರುಗಂಟು, ಕಿಬ್ಬೊಟ್ಟೆಯ ಹಳೆಯ ಸೋಂಕು, ನಮ್ಮ ದೇಶದಲ್ಲಿ ಇನ್ನೂ ಅಳಿಯದ ಜನನಾಂಗದ ಕ್ಷಯ ಇವೂ ಆಳದ ನೋವಿಗೆ ಕಾರಣವಾಗುತ್ತವೆ. ಸಮಾಗಮದ ನಂತರ ರಕ್ತ ಕಾಣಿಸಿಕೊಂಡರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತಸ್ರಾವವಾದರೆ, ಅದು ಗರ್ಭಕೊರಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದಾದುದರಿಂದ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಸ್ನಾಯುಗಳ ಬಿಗಿತದಿಂದ ಉಂಟಾಗುವ ನೋವನ್ನು ಬೇರೆಯಾಗಿ ಹೇಳಬೇಕು. ಸೊಂಟದ ಮೂಳೆಗಳ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡ ಸ್ನಾಯುಗಳಿವೆ. ಕಣ್ಣಿನ ಬಳಿಗೆ ಕೈ ತಂದೊಡನೆ ರೆಪ್ಪೆ ತಾನಾಗಿ ಮುಚ್ಚುವಂತೆ, ನೋವಿನ ನಿರೀಕ್ಷೆಯಲ್ಲಿ ಈ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಬಿಗಿದುಕೊಂಡುದರಿಂದ ನೋವು ಹೆಚ್ಚುತ್ತದೆ. ನೋವು ಹೆಚ್ಚಿದುದರಿಂದ ಮುಂದಿನ ಸಲ ಭಯ ಹೆಚ್ಚುತ್ತದೆ. ಭಯದಿಂದ ಮತ್ತೆ ಬಿಗಿತ. ಗಾಣದ ಎತ್ತು ಸುತ್ತಿದಂತೆ ಇದು ಸುತ್ತುತ್ತಲೇ ಇರುತ್ತದೆ. ಮರಿಯನ್ ಸಿಮ್ಸ್ ಎಂಬ ಅಮೆರಿಕದ ವೈದ್ಯ 1861ರಲ್ಲಿ ಇದಕ್ಕೆ 'ವ್ಯಾಜಿನಿಸ್ಮಸ್' ಎಂದು ಹೆಸರಿಟ್ಟು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದನು. ಇಂದು ಇದಕ್ಕೆ ಚಾಕು ಬೇಕಾಗಿಲ್ಲ. ಇದು ಹೆಂಡತಿಯ ಹಟವೆಂದೋ, ಗಂಡನ ಮೇಲಿನ ತಾತ್ಸಾರವೆಂದೋ ಎಣಿಸಿ ಎಷ್ಟು ಸಂಸಾರಗಳು ಒಡೆದಿವೆಯೋ! ರೆಪ್ಪೆ ಮುಚ್ಚಿದ್ದಕ್ಕೆ ಕಣ್ಣನ್ನು ಯಾರೂ ಬೈಯುವುದಿಲ್ಲ.

ಗಂಡಸರಲ್ಲಿ ಸಾಮಾನ್ಯವಾದ ಕಾರಣ ಮುಂದೊಗಲಿನ ಬಿಗಿತ. ಎಳೆಯ ಮಕ್ಕಳಲ್ಲಿ ಮುಂದೊಗಲು ಹಿಂದೆ ಸರಿಯದಿರುವುದು ಸಹಜ. ಬೆಳೆದಂತೆ ತಾನಾಗಿ ಸಡಿಲವಾಗುತ್ತದೆ. ಪ್ರಾಯದಲ್ಲಿಯೂ ಬಿಗಿಯಾಗಿದ್ದು ನೋಯುತ್ತಿದ್ದರೆ ಚಿಕಿತ್ಸೆ ಬೇಕು. ಹಿಂದೆ ಸರಿದ ತೊಗಲು ಮುಂದಕ್ಕೆ ಬಾರದೆ ಸಿಕ್ಕಿಕೊಂಡು ಊದಿಕೊಂಡರೆ ಅದು ತುರ್ತಿನ ಸಂಗತಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತೊಗಲಿನಡಿಯಲ್ಲಿ ಶಿಲೀಂಧ್ರದ ಸೋಂಕು ಮರಳಿ ಮರಳಿ ಬರುತ್ತಿದ್ದರೆ ರಕ್ತದಲ್ಲಿ ಸಕ್ಕರೆಯ ಅಂಶವನ್ನು ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಮಧುಮೇಹ ಎಷ್ಟೋ ವೇಳೆ ಹೀಗೆಯೇ ಮೊದಲು ಗುರುತಿಗೆ ಬರುತ್ತದೆ. ಮೂತ್ರನಾಳದ ಸೋಂಕು, ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ಚರ್ಮದ ಹುಣ್ಣುಗಳು ಇವೂ ಕಾರಣಗಳೇ. ಶಿಶ್ನದೊಳಗೆ ನಾರಿನಂಥ ಗಟ್ಟಿಪದರ ಬೆಳೆದು ಬಾಗುವಿಕೆ ಮತ್ತು ನೋವು ಉಂಟಾಗುವ ಬೇನೆಯನ್ನು 1743ರಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಲಾ ಪೇರೋನಿ ವರ್ಣಿಸಿದ್ದಾನೆ.

ಇಲ್ಲಿಯೇ ಹುಡುಗರಿಗೆ ಒಂದು ಎಚ್ಚರಿಕೆಯ ಮಾತು. ಸಮಾಗಮಕ್ಕೂ ಇದಕ್ಕೂ ಸಂಬಂಧವಿಲ್ಲವಾದರೂ, ನಾಚಿಕೆಯಿಂದ ಆಗುವ ಹಾನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಆಟವಾಡುವಾಗಲೋ ನಿದ್ದೆಯಲ್ಲಿಯೋ ವೃಷಣದಲ್ಲಿ ಹಠಾತ್ತಾಗಿ ತೀವ್ರವಾದ ನೋವು ಬಂದರೆ, ವೃಷಣಕ್ಕೆ ರಕ್ತ ಒಯ್ಯುವ ನಾಳ ಹುರಿಗೊಂಡಿರಬಹುದು. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಸಾಮಾನ್ಯವಾಗಿ ಉಳಿಯುತ್ತದೆ. ನಾಳೆ ಬೆಳಗ್ಗೆ ಅಪ್ಪನಿಗೆ ಹೇಳಿದರಾಯಿತೆಂದು ರಾತ್ರಿಯೆಲ್ಲ ಹಲ್ಲುಕಚ್ಚಿ ಮಲಗಿದ ಹುಡುಗ ಒಂದು ಅಂಗವನ್ನೇ ಕಳೆದುಕೊಳ್ಳಬಹುದು.

ಚಿಕಿತ್ಸೆಯ ಮೊದಲ ಹೆಜ್ಜೆ ವೈದ್ಯರ ಮುಂದೆ ನಡೆದುದನ್ನು ನಡೆದಂತೆ ಹೇಳುವುದು: ನೋವು ಎಲ್ಲಿ, ಯಾವಾಗಿನಿಂದ, ಮೊದಲಿನಿಂದಲೂ ಇದೆಯೋ ನಡುವೆ ಬಂದುದೋ, ಮುಟ್ಟಿನೊಂದಿಗೆ ಸಂಬಂಧವಿದೆಯೋ ಎಂಬುದನ್ನು ಹೇಳಿದರೆ ಅರ್ಧ ರೋಗನಿದಾನ ಆದಂತೆಯೇ. ಬಳಿಕ ಕಾರಣಕ್ಕೆ ತಕ್ಕ ಮದ್ದು. ಸೋಂಕಿಗೆ ತಕ್ಕ ಔಷಧ. ಅದು ಪರಸ್ಪರ ಹರಡುವ ಸೋಂಕಾದರೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಔಷಧ ತೆಗೆದುಕೊಳ್ಳಬೇಕು, ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ಮರಳಿ ತಗಲುತ್ತದೆ. ಒಣಗುವಿಕೆಗೆ ನೀರಿನ ಆಧಾರದ ಜಾರುಲೇಪಗಳಿವೆ. ಮುಟ್ಟು ನಿಂತವರಿಗೆ ವೈದ್ಯರ ಸಲಹೆಯ ಮೇರೆಗೆ ಈಸ್ಟ್ರೋಜನ್ ಲೇಪವಿದೆ. ಕೊಬ್ಬರಿಎಣ್ಣೆಯಂಥ ಎಣ್ಣೆಗಳು ರಬ್ಬರಿನ ನಿರೋಧವನ್ನು ದುರ್ಬಲಗೊಳಿಸುವುದರಿಂದ ಅವೆರಡನ್ನೂ ಒಟ್ಟಿಗೆ ಬಳಸಬಾರದು. ಕ್ರಿಮಿನಾಶಕ ದ್ರಾವಣಗಳಿಂದ ಒಳಗೆಲ್ಲ ತೊಳೆದುಕೊಳ್ಳುವುದರಿಂದ ಹಾನಿಯೇ ಹೆಚ್ಚು. ಸ್ನಾಯುಗಳ ಬಿಗಿತಕ್ಕೆ ಉಸಿರಾಟದೊಂದಿಗೆ ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸ, ತರಬೇತಿ ಪಡೆದ ಅಂಗಮರ್ದನ ತಜ್ಞರ ನೆರವು, ಕ್ರಮಕ್ರಮವಾಗಿ ದೇಹಕ್ಕೆ ರೂಢಿಮಾಡಿಸುವ ಉಪಕರಣಗಳು, ಭಯವನ್ನು ಕಳೆಯುವ ಆಪ್ತಸಮಾಲೋಚನೆ ಇವು ಕೂಡಿ ಒಳ್ಳೆಯ ಫಲ ಕೊಡುತ್ತವೆ. ಮುಂದೊಗಲಿನ ಬಿಗಿತ ಎಷ್ಟೋ ವೇಳೆ ಕೆಲವು ವಾರ ಸ್ಟೀರಾಯ್ಡ್ ಮುಲಾಮು ಹಚ್ಚುವುದರಿಂದಲೇ ಸಡಿಲವಾಗುತ್ತದೆ; ಇಲ್ಲವಾದರೆ ಚಿಕ್ಕ ಶಸ್ತ್ರಕ್ರಿಯೆ ಸಾಕು. ಎಂಡೋಮೆಟ್ರಿಯೋಸಿಸ್ ಬೇರುಸಹಿತ ಹೋಗದಿದ್ದರೂ ಔಷಧದಿಂದ, ಬೇಕಾದಲ್ಲಿ ಶಸ್ತ್ರಕ್ರಿಯೆಯಿಂದ, ಹತೋಟಿಗೆ ಬರುತ್ತದೆ. ಎಲ್ಲಕ್ಕಿಂತ ಮೊದಲ ಮದ್ದಿಗೆ ಹಣ ಬೇಡ: ನೋವಾದಾಗ ನಿಲ್ಲಿಸುವುದು. ನೋವನ್ನು ಸಹಿಸಿಕೊಂಡು ಮುಂದುವರಿಯುವುದು ಪತಿಭಕ್ತಿಯೂ ಅಲ್ಲ, ಪೌರುಷವೂ ಅಲ್ಲ. ಬೇಡವೆಂದ ಸಂಗಾತಿಯ ಮಾತನ್ನು ಕೇಳುವುದು ದಾಂಪತ್ಯದ ಮೊದಲ ಧರ್ಮ.

ಇಂಥ ವಿಷಯದ ಚರ್ಚೆ ನಮ್ಮ ಸಂಸ್ಕೃತಿಗೆ ಒಗ್ಗದೆಂದು ಹೇಳುವವರುಂಟು. ಅವರು ನಮ್ಮ ಹಳೆಯ ವೈದ್ಯಗ್ರಂಥಗಳನ್ನು ಒಮ್ಮೆ ತೆರೆದು ನೋಡಬೇಕೆಂದು ನಾವು ವಿನಂತಿಸುತ್ತೇವೆ. ಚರಕಸಂಹಿತೆ ಇಪ್ಪತ್ತು ಬಗೆಯ 'ಯೋನಿವ್ಯಾಪತ್ತು'ಗಳನ್ನು ಎಣಿಸಿ, ಲಕ್ಷಣವನ್ನೂ ಚಿಕಿತ್ಸೆಯನ್ನೂ ಹೇಳುತ್ತದೆ. ಸುಶ್ರುತಸಂಹಿತೆ ಮುಂದೊಗಲಿನ ಬಿಗಿತವನ್ನು 'ನಿರುದ್ಧಪ್ರಕಶ'ವೆಂದೂ, ಹಿಂದೆ ಸರಿದು ಸಿಕ್ಕಿಕೊಳ್ಳುವುದನ್ನು 'ಪರಿವರ್ತಿಕಾ' ಎಂದೂ ಬೇರೆಬೇರೆಯಾಗಿ ಗುರುತಿಸುತ್ತದೆ. ಆ ಆಚಾರ್ಯರ ಔಷಧಗಳೆಲ್ಲ ಇಂದಿಗೆ ಸಲ್ಲುತ್ತವೆಂದು ನಾವು ಹೇಳುತ್ತಿಲ್ಲ. ಈ ಅಂಗಗಳ ಬೇನೆಯನ್ನು ಹೆಸರಿಟ್ಟು ಕರೆಯಲು ಅವರು ನಾಚಲಿಲ್ಲವೆಂಬುದಷ್ಟೇ ನಮ್ಮ ಮಾತು.

ಕನ್ನಡದಲ್ಲಿ ಇದಕ್ಕೆ ಶಬ್ದಗಳಿಲ್ಲವೆಂಬುದೂ ನಿಜವಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934-1991) 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ' ಮುಂತಾದ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ವಿಷಯವನ್ನು ಮನೆಮಂದಿಯೆಲ್ಲ ಓದಬಹುದಾದ ಕನ್ನಡದಲ್ಲಿ ಬರೆದರು. ಅವನ್ನು ಓದಿ ಕನ್ನಡನಾಡು ಕೆಡಲಿಲ್ಲ.

ಮೈಸೂರು ಸೀಮೆಯ ಚರಿತ್ರೆಯಂತೂ ಈ ವಿಷಯದಲ್ಲಿ ಹೆಮ್ಮೆಪಡುವಂಥದು, ಹಾಗೆಯೇ ಯೋಚಿಸುವಂತೆ ಮಾಡುವಂಥದು. 8 ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನೂ, 50 ದಾಟಿದ ಗಂಡಸರು 14 ವರ್ಷದೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ಮೈಸೂರು ಸಂಸ್ಥಾನ 1894ರಲ್ಲಿಯೇ ಕಾನೂನಿನಿಂದ ತಡೆಯಿತು. ಆ ಮಿತಿ ಇಂದು ನಮಗೆ ತೀರ ಅಲ್ಪವೆಂದು ತೋರುತ್ತದೆ. ಅಂದಿನ ಸಮಾಜದಲ್ಲಿ ಅದು ಸಣ್ಣ ಸಾಹಸವಾಗಿರಲಿಲ್ಲ. 1930ರಲ್ಲಿ ಸಂಸ್ಥಾನದ ಸರ್ಕಾರ ಮೈಸೂರು ಬೆಂಗಳೂರುಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲನೆಯವೆಂದು ಎಣಿಸಲ್ಪಟ್ಟಿವೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ಹಳ್ಳಿಯ ರೈತಾಪಿ ಜನರನ್ನು ಮಕ್ಕಳೆಷ್ಟು, ಇನ್ನೆಷ್ಟು ಬೇಕು, ಸಂತಾನ ನಿಯಂತ್ರಣ ಒಪ್ಪಿಗೆಯೇ ಎಂದು ಕೇಳಲಾಯಿತು. ಜನ ಉತ್ತರ ಕೊಟ್ಟರು. ನಮ್ಮ ಹಳ್ಳಿಯವರು ಇಂಥದನ್ನೆಲ್ಲ ಹೇಳಿಕೊಳ್ಳುವುದಿಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಕ್ರಮವರಿತು, ಗೌರವದಿಂದ ಕೇಳಿದರೆ ಅವರು ಹೇಳುತ್ತಾರೆ.

ಆದರೆ ಆ ಕಾಲದಿಂದ ಈವರೆಗೆ ಹೆಚ್ಚಾಗಿ ಕೇಳಿದ ಪ್ರಶ್ನೆ ಯಾವುದು? ಎಷ್ಟು ಮಕ್ಕಳು, ಎಷ್ಟು ಅಂತರ, ಆಪರೇಷನ್ ಆಯಿತೇ ಎಂಬುದು. ನಿಮಗೆ ನೋವಿದೆಯೇ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ತಕ್ಕ ಸ್ಥಾನ ಸಿಗಲಿಲ್ಲ. ಜನಸಂಖ್ಯೆಯ ಲೆಕ್ಕಕ್ಕೆ ಬೇಕಾದುದನ್ನು ಕೇಳಿದೆವು. ಮನುಷ್ಯನ ಸುಖದುಃಖಕ್ಕೆ ಬೇಕಾದುದನ್ನು ಬಿಟ್ಟೆವು. ಈ ಕೊರತೆಯನ್ನು ತುಂಬಬೇಕೆಂಬುದೇ ಈ ಲೇಖನದ ಮುಖ್ಯ ವಾದ. ಹೆರಿಗೆಯಾದ ಆರು ವಾರಗಳ ನಂತರ ತಾಯಿಯನ್ನು ನೋಡುವಾಗ, ಮುಟ್ಟು ನಿಂತವರನ್ನು ಪರೀಕ್ಷಿಸುವಾಗ, ಮಧುಮೇಹದ ಗಂಡಸರಿಗೆ ಔಷಧ ಕೊಡುವಾಗ, ವೈದ್ಯರೂ ದಾದಿಯರೂ ತಾವಾಗಿ ಈ ಪ್ರಶ್ನೆಯನ್ನು ಕೇಳುವುದು ವಾಡಿಕೆಯಾಗಬೇಕು. ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಉತ್ತರ ಬರಬೇಕಾದರೆ ಮಾತ್ರ ಒಂದು ಮರೆ ಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಒಬ್ಬ ರೋಗಿ ಒಬ್ಬ ವೈದ್ಯರೊಂದಿಗೆ ಬಾಗಿಲು ಹಾಕಿಕೊಂಡು ಮಾತನಾಡಬಹುದಾದ ಒಂದು ಕೋಣೆ, ಬೇಕೆಂದವರಿಗೆ ಮಹಿಳಾ ವೈದ್ಯರು, ಇಷ್ಟನ್ನು ಕೇಳುವುದು ದುರಾಸೆಯಲ್ಲ.

ವೈದ್ಯರಿಗೆ ಪುರುಸೊತ್ತೆಲ್ಲಿ, ದಿನಕ್ಕೆ ನೂರಾರು ರೋಗಿಗಳಿರುವಲ್ಲಿ ಇದೆಲ್ಲ ನಡೆಯುವ ಮಾತೇ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ 'ಸೊಂಟನೋವು' ಎಂದು ಹೇಳಿ ಮಾತ್ರೆ ತೆಗೆದುಕೊಂಡು ಹೋದವಳು ವಾಸಿಯಾಗದೆ ಮತ್ತೆ ಮತ್ತೆ ಅದೇ ಸಾಲಿಗೆ ಬಂದು ನಿಲ್ಲುತ್ತಾಳೆ. ಹತ್ತು ಸಲ ಎರಡೆರಡು ನಿಮಿಷ ವ್ಯಯಮಾಡುವುದಕ್ಕಿಂತ ಒಂದು ಸಲ ಹತ್ತು ನಿಮಿಷ ಕೇಳುವುದರಲ್ಲಿ ಉಳಿತಾಯವೇ ಇದೆ.

ಇನ್ನು ವಿದ್ಯಾರ್ಥಿಗಳಿಗೆ ಇದನ್ನೇಕೆ ಹೇಳಬೇಕು ಎಂಬ ಪ್ರಶ್ನೆ. ಹದಿಹರೆಯದವರ ಶಿಕ್ಷಣದ ಒಂದು ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಮಕ್ಕಳು ಕೆಡುವರೆಂಬ ಅಂಜಿಕೆಯಿಂದ ತಡೆಹಿಡಿದವು. ಆ ಅಂಜಿಕೆಯ ಹಿಂದೆ ಮಕ್ಕಳ ಮೇಲಿನ ಅಕ್ಕರೆಯೂ ಇತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾಠ ನಿಂತರೆ ಕುತೂಹಲ ನಿಲ್ಲುವುದಿಲ್ಲ. ಶಾಲೆ ಹೇಳದ ವಿಷಯವನ್ನು ಇಂದು ಅಂಗೈಯಲ್ಲಿರುವ ಮೊಬೈಲ್ ಹೇಳುತ್ತದೆ. ಅದು ತೋರಿಸುವ ಚಿತ್ರಗಳಲ್ಲಿ ನೋವಿಗೂ ಒಪ್ಪಿಗೆಗೂ ಸ್ಥಾನವೇ ಇಲ್ಲ. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ಜನನಾಂಗಗಳ ಚಿತ್ರವನ್ನು ಕೊಟ್ಟು ಭಾಗಗಳನ್ನು ಹೆಸರಿಸುತ್ತದೆ. ಕಣ್ಣಿನ ಪಾಠದಲ್ಲಿ ದೃಷ್ಟಿದೋಷವನ್ನೂ ಕನ್ನಡಕವನ್ನೂ ಹೇಳಿದ ಮೇಲೆ, ಈ ಅಂಗಗಳ ಪಾಠದಲ್ಲಿಯೂ ಇವು ನೋಯಬಹುದು, ನೋಯುವುದು ಸಹಜವಲ್ಲ, ಅದಕ್ಕೆ ಚಿಕಿತ್ಸೆಯಿದೆ ಎಂಬ ಮೂರು ವಾಕ್ಯಗಳನ್ನು ಸೇರಿಸುವುದರಲ್ಲಿ ತಪ್ಪೇನು?

ಇನ್ನೊಂದು ಕಾರಣವೂ ಇದೆ. ಈ ಲೇಖನವನ್ನು ಓದುವ ಕಿರಿಯರಲ್ಲಿ ಯಾರಿಗಾದರೂ ಬಲಾತ್ಕಾರದಿಂದಲೋ ಪುಸಲಾಯಿಸಿಯೋ ಇಂಥ ನೋವನ್ನು ಯಾರಾದರೂ ಉಂಟುಮಾಡಿದ್ದರೆ, ಅದು ಬೇನೆಯಲ್ಲ, ಅಪರಾಧ; ತಪ್ಪು ಅನುಭವಿಸಿದವರದಲ್ಲ. 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ 2012ರ ಪೋಕ್ಸೊ ಕಾಯಿದೆಯ ರಕ್ಷಣೆಯಿದೆ. ನಂಬಿಕೆಯ ಹಿರಿಯರಿಗೆ ಹೇಳಬಹುದು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಕರೆಮಾಡಬಹುದು. ಕರ್ನಾಟಕದಲ್ಲಿ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಯೆಂಬ ಹೆಸರು ಕೊಟ್ಟೊಡನೆ ಎಳೆಯ ದೇಹದ ನೋವು ಧರ್ಮಸಮ್ಮತವಾಗುವುದಿಲ್ಲವೆಂಬುದನ್ನು ಕಾನೂನು ಒಪ್ಪಿದೆ, ಸಮಾಜವೂ ಒಪ್ಪಬೇಕು.

ಹದಿಹರೆಯದವರ ಆರೋಗ್ಯಕ್ಕಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ವಿಭಾಗಗಳು ತೆರೆದಿವೆ. ಹುಡುಗ ಹುಡುಗಿಯರು ಅಲ್ಲಿ ತಮ್ಮ ಸಂದೇಹಗಳನ್ನು ಕೇಳಬಹುದು. ಈ ಸೌಕರ್ಯವಿರುವುದನ್ನು ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಹೇಳಿದ್ದಾರೆ? ಅಧ್ಯಾಪಕರು ಒಂದು ದಿನ ಪ್ರಾರ್ಥನೆಯ ನಂತರ ಎರಡು ನಿಮಿಷ ಇದಕ್ಕೆ ಕೊಡಲಿ. ವಿಜ್ಞಾನ ಸಂಘಗಳು ತಾಲ್ಲೂಕಿನ ವೈದ್ಯರನ್ನು ಕರೆಸಿ, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಬರೆಸಿ, ಉತ್ತರ ಹೇಳಿಸಲಿ. ಚೀಟಿಗಳು ಎಷ್ಟು ಬರುತ್ತವೆಂಬುದನ್ನು ನೋಡಿದರೆ ಈ ಮೌನದ ಆಳ ಎಲ್ಲರಿಗೂ ತಿಳಿದೀತು.

ವಿದ್ಯಾರ್ಥಿ ಮಿತ್ರರೆ, ನೀವು ಕೆಲವೇ ವರ್ಷಗಳಲ್ಲಿ ಗೃಹಸ್ಥರಾಗುವಿರಿ; ನಿಮ್ಮಲ್ಲಿ ಕೆಲವರು ವೈದ್ಯರೂ ದಾದಿಯರೂ ಅಧ್ಯಾಪಕರೂ ಆಗುವಿರಿ. ಎಲ್ಲರೂ ಒಂದಲ್ಲ ಒಂದು ದಿನ ತಾಯಿಯೋ ತಂದೆಯೋ ಅಕ್ಕನೋ ಅಣ್ಣನೋ ಆಗಿ ಕಿರಿಯರ ಅರೆಮಾತುಗಳನ್ನು ಕೇಳುವಿರಿ. ಅಂದು ಒಬ್ಬ ಮಗಳು ತವರಿಗೆ ಬಂದು ತಲೆತಗ್ಗಿಸಿ ತನ್ನ ನೋವನ್ನು ಸೂಚಿಸಿದರೆ, ಇದು ಎಲ್ಲರಿಗೂ ಇದ್ದದ್ದೇ ಎಂದು ಹೇಳಬೇಡಿರಿ. "ನಡಿಯವ್ವ, ನಾಳೆ ಡಾಕ್ಟರ ಹತ್ರ ಹೋಗುವ" ಎಂದು ಹೇಳಿರಿ. ಆಕೆಯೊಂದಿಗೆ ಬಸ್ಸಿನಲ್ಲಿ ಕುಳಿತು ನರಸೀಪುರಕ್ಕೋ ಮೈಸೂರಿಗೋ ಹೋಗಿರಿ. ವೈದ್ಯರ ಕೋಣೆಯ ಬಾಗಿಲವರೆಗೆ ಜೊತೆಗಿರಿ.